ಹಳೇ ಡಿಸ್ಪೋಸಬಲ್ ಕ್ಯಾಮೆರಾ ಬಿಚ್ಚಬಹುದಾ?

2002ರ ಡಿಸ್ಪೋಸಬಲ್ ಕ್ಯಾಮೆರಾ ಬಿಚ್ಚಿ ರೋಲ್ ತೆಗೆಯಬಹುದಾ ಅಂತ ಕೇಳಿದ್ದೀರಿ. ಬೇಡ ಸರ್. ಫ್ಲ್ಯಾಶ್ ಇರುವ ಕ್ಯಾಮೆರಾ ಅಲ್ವಾ? ಬ್ಯಾಟರಿಯಲ್ಲಿ ಜೀವ ಇದ್ದರೆ ಫ್ಲ್ಯಾಶ್‌ಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಸುಮಾರು 300 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ. ಸುಮ್ನೆ ಸ್ಕ್ರೂಡ್ರೈವರ್ ತೂರಿಸಬೇಡಿ.

ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಫಿಲ್ಮನ್ನು ಅದರ ಡಬ್ಬಿಯಿಂದ ಪೂರ್ತಿ ಹೊರಗೆ ಸುತ್ತಿಟ್ಟಿರುತ್ತಾರೆ. ಫೋಟೋ ತೆಗೆದ ಹಾಗೆಲ್ಲ ಒಂದೊಂದೇ ಫ್ರೇಮ್ ಡಬ್ಬಿಯೊಳಗೆ ಹೋಗುತ್ತದೆ. ಹಾಗಾಗಿ ತೆಗೆದ ಫೋಟೋಗಳು ಒಳಗೆ ಭದ್ರ. ಮೇಲಿನ ಎಣಿಕೆ ಸೊನ್ನೆಗೆ ಬಂದಿಲ್ಲವಾದರೆ ಲೆನ್ಸ್‌ಗೆ ಕೈ ಅಡ್ಡ ಹಿಡಿದು ಉಳಿದದ್ದನ್ನೂ ಕ್ಲಿಕ್ಕಿಸಿ. ಚಕ್ರ ಸಲೀಸಾಗಿ ತಿರುಗುವವರೆಗೆ ಸುತ್ತಿ.

ಆಮೇಲೆ ಕ್ಯಾಮೆರಾ ಸಮೇತ ಲ್ಯಾಬಿಗೆ ಕೊಡಿ. ಪಕ್ಕದ ಬೀದಿಯ ಸ್ಟುಡಿಯೋದಲ್ಲಿ ಆಗೋದು ಕಷ್ಟ. ಕಲರ್ ಫಿಲ್ಮ್ ತೊಳೆಯುವ ಸಿ-41 ಮೆಷಿನ್‌ಗೆ ದಿನಾ ಒಂದಿಷ್ಟು ರೋಲ್ ಬರಲೇಬೇಕು, ಇಲ್ಲದಿದ್ದರೆ ಕೆಮಿಕಲ್ ಕೆಡುತ್ತದೆ. ಡಿಜಿಟಲ್ ಬಂದ ಮೇಲೆ ರೋಲ್ ಕಮ್ಮಿಯಾಯಿತು, ಮೆಷಿನ್ ಗುಜರಿಗೆ ಹೋಯಿತು. ಈಗ ಬೆಂಗಳೂರಿನಂಥ ಊರಲ್ಲಿ ಹುಡುಕಬೇಕು, ಅಥವಾ ಕೊರಿಯರ್ ಮಾಡಬೇಕು.

ಬಣ್ಣ ಮಾಸಿರುತ್ತದೆ, ಕಾಳುಕಾಳಾಗಿ ಬರಬಹುದು. ಮೊದಲು ಸ್ಕ್ಯಾನ್ ಮಾತ್ರ ಮಾಡಿಸಿ, ಪ್ರಿಂಟ್ ಆಮೇಲೆ. ನೆಗೆಟಿವ್ ಕೇಳಿ ವಾಪಸ್ ತಗೊಳ್ಳಿ, ಕೆಲವರು ಎಸೆದುಬಿಡುತ್ತಾರೆ.