ಸ್ಟ್ರೀಟ್ ಗ್ಲೈಡ್‌ಗೆ ಹೊಸ ಸ್ಪೀಕರ್: ಮೊದಲು ಗಾಳಿ, ಆಮೇಲೆ ವಾಟ್

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮಿತ್ರರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸೆಕೆಂಡ್ ಹ್ಯಾಂಡ್ 2016ರ ಹಾರ್ಲೆ-ಡೇವಿಡ್‌ಸನ್ ಬೈಕ್, ಸ್ಟ್ರೀಟ್ ಗ್ಲೈಡ್ ಸ್ಪೆಷಲ್ ಕೊಂಡಿದ್ದೀರಿ. ಊರೊಳಗೆ ಹಾಡು ಚೆನ್ನಾಗಿಯೇ ಕೇಳುತ್ತದೆ, ಫ್ರೀವೇ ಹತ್ತಿ 65 ಮೈಲಿ ವೇಗ ಬಂದರೆ ತಾಳವೂ ಇಲ್ಲ ತಂಬೂರಿಯೂ ಇಲ್ಲ, ಬರೀ ಕಿರುಚಾಟ. ಅಂಗಡಿಯವರು ನಾಲ್ಕು ಸ್ಪೀಕರ್, ‘1,600 ವಾಟ್’ ಆಂಪ್ಲಿಫೈಯರ್ ಸೇರಿಸಿ 2,800 ಡಾಲರ್ ಹೇಳಿದ್ದಾರೆ, ಹಾಕಿಸಲೇ ಎಂದು ಕೇಳಿದ್ದೀರಿ.

ಈಗಲೇ ಬೇಡ. ನನ್ನದು 2015ರ ಸ್ಟ್ರೀಟ್ ಗ್ಲೈಡ್. ಆರು ವರ್ಷಗಳಲ್ಲಿ ಮೂರು ಸಲ ಸ್ಪೀಕರ್ ಬದಲಿಸಿದ್ದೇನೆ, ಮೊದಲ ಎರಡು ಸಲದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ನಿಮ್ಮ ವೈರಿ ಸ್ಪೀಕರ್ ಅಲ್ಲ, ಗಾಳಿ. 65 ಮೈಲಿ ವೇಗದಲ್ಲಿ ಹೆಲ್ಮೆಟ್‌ನೊಳಗಿನ ಗಾಳಿಯ ಸದ್ದು ಸುಮಾರು 95ರಿಂದ 100 ಡೆಸಿಬಲ್ ಇರುತ್ತದೆ. ಕಾರ್ಖಾನೆ ಕೆಲಸಗಾರರಿಗೆಂದು ಅಮೆರಿಕದ ಆರೋಗ್ಯ ಸಂಸ್ಥೆ ‘ನಿಯೋಶ್’ ಹಾಕಿಕೊಟ್ಟ ಮಿತಿ ಎಂಟು ಗಂಟೆಗೆ 85 ಡೆಸಿಬಲ್. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ ಅಂದರೆ ಹದಿನೈದೇ ನಿಮಿಷ. ಈ ಗಾಳಿಯ ಸದ್ದಿನಲ್ಲಿ ಹೆಚ್ಚಿನ ಪಾಲು ತಗ್ಗು ಸ್ವರದ್ದು. ಮೃದಂಗದ ಎಡಗೈ ಪೆಟ್ಟು, ಬಾಸ್ ಗಿಟಾರ್ ಮೊದಲು ಮುಳುಗುತ್ತವೆ. ಮೇಲೆ ತೇಲುವುದು ಝಲ್ಲರಿ ಮತ್ತು ಗಾಯಕರ ‘ಸ’ಕಾರ ಮಾತ್ರ. ನೀವು ವಾಲ್ಯೂಮ್ ಏರಿಸುತ್ತೀರಿ. ಏರಿಸಿದಷ್ಟೂ ಹಾರ್ಲೆಯ ರೇಡಿಯೊ ತನ್ನ ಪುಟ್ಟ ಸ್ಪೀಕರ್‌ಗಳನ್ನು ಉಳಿಸಿಕೊಳ್ಳಲು ಬಾಸ್ ಅನ್ನು, ಅಂದರೆ ತಗ್ಗು ಸ್ವರಗಳನ್ನು, ತಾನೇ ತಗ್ಗಿಸುತ್ತದೆ. ನಿಮಗೆ ಕೇಳುತ್ತಿರುವ ಕಿರುಚಾಟ ಇದೇ.

ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. 101 ಹೆದ್ದಾರಿಯಲ್ಲಿ ಗಿಲ್ರಾಯ್ ಊರು ದಾಟಿದ ಮೇಲೆ ರಸ್ತೆ ನೆಟ್ಟಗಿರುವ ಕಡೆ, ಹಿಂದೆಮುಂದೆ ವಾಹನವಿಲ್ಲದಾಗ, 65ರಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ, ಕಣ್ಣು ರಸ್ತೆಯ ಮೇಲೇ ಇಟ್ಟು ತಲೆಯನ್ನು ಮೂರು ಇಂಚು ತಗ್ಗಿಸಿ. ಹಾಡು ಥಟ್ಟನೆ ತುಂಬಿಕೊಂಡು ಬಂದರೆ ನಿಮಗೆ ಬೇಕಿರುವುದು ಆಂಪ್ಲಿಫೈಯರ್ ಅಲ್ಲ, ಎತ್ತರದ ವಿಂಡ್‌ಶೀಲ್ಡ್. ನೋಟ ಅದರ ಅಂಚಿನ ಮೇಲಿಂದಲೇ ಹಾಯಬೇಕು, ಅಂಚು ನಿಮ್ಮ ಮೂಗಿನ ಮಟ್ಟಕ್ಕೆ ಬಂದರೆ ಸಾಕು. ನನಗೆ ಮೂರು ಇಂಚು ಹೆಚ್ಚಿನದು ಸರಿಹೋಯಿತು. ಅದರಿಂದ ಸಿಕ್ಕಷ್ಟು ಲಾಭ ಮೊದಲ ಜೊತೆ ಸ್ಪೀಕರ್‌ಗಳಿಂದ ಸಿಗಲಿಲ್ಲ.

ಇನ್ನೊಂದು ಮಾತು ಉಲ್ಟಾ ಎನಿಸಬಹುದು. ಕಿವಿಗೆ ಫೋಮ್ ಬೆಣೆ (ಇಯರ್‌ಪ್ಲಗ್) ಇಟ್ಟುಕೊಂಡರೆ ಹಾಡು ಸ್ಪಷ್ಟವಾಗುತ್ತದೆ. ಬೆಣೆ ಗಾಳಿಯನ್ನೂ ಹಾಡನ್ನೂ ತಗ್ಗಿಸುವುದು ನಿಜ, ಆದರೆ ಸದ್ದಿನ ಹೊಡೆತಕ್ಕೆ ದಣಿದ ಕಿವಿಗಿಂತ ನೆಮ್ಮದಿಯಾಗಿರುವ ಕಿವಿ ಚೆನ್ನಾಗಿ ಕೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವಂತಿಲ್ಲ. ಸೈರನ್, ಹಾರ್ನ್ ಕೇಳಿಸುವಂತೆ ಮಾಡಿದ ಶ್ರವಣರಕ್ಷಕ ಬೆಣೆಗೆ ವಿನಾಯಿತಿ ಇದೆ.

ಇಷ್ಟಾದ ಮೇಲೂ ಸಾಲದು ಎನಿಸಿದರೆ ಸ್ಪೀಕರ್ ವಿಷಯಕ್ಕೆ ಬರೋಣ. ಆ ‘1,600 ವಾಟ್’ ಅನ್ನು ಒಮ್ಮೆ ಭಾಗಿಸಿ ನೋಡಿ. ವಿದ್ಯುತ್ ಕಡಿಮೆ ಪೋಲು ಮಾಡುವ ಒಳ್ಳೆಯ ಕ್ಲಾಸ್ ಡಿ ಆಂಪ್ಲಿಫೈಯರ್‌ನ ದಕ್ಷತೆ 80 ಶೇಕಡಾ ಎಂದಿಟ್ಟುಕೊಂಡರೂ, 13.8 ವೋಲ್ಟ್‌ನಲ್ಲಿ 1,600 ವಾಟ್ ಹೊರಗೆ ಬರಬೇಕಾದರೆ 145 ಆಂಪಿಯರ್ ಒಳಗೆ ಹೋಗಬೇಕು. ನಮ್ಮ ಬೈಕಿನ ಆಲ್ಟರ್ನೇಟರ್ ಕೊಡುವುದೇ ಹೆಚ್ಚೆಂದರೆ 50 ಆಂಪಿಯರ್ ಆಸುಪಾಸು, ಅದರಲ್ಲಿ ಹೆಡ್‌ಲೈಟ್, ಇಗ್ನಿಷನ್, ಫ್ಯೂಯಲ್ ಪಂಪ್ ಎಲ್ಲವೂ ಉಣ್ಣಬೇಕು. ಡಬ್ಬದ ಮೇಲಿನ ಆ ಅಂಕಿ ಬಣ್ಣದ ಮಾತು. ‘ಆರ್‌ಎಂಎಸ್’ (ನಿರಂತರವಾಗಿ ಕೊಡಬಲ್ಲ ಶಕ್ತಿ) ಎಂದು ಬರೆದಿರುವ ಅಂಕಿಯೊಂದನ್ನೇ ನೋಡಿ.

ಅದಕ್ಕಿಂತ ಮುಖ್ಯವಾದದ್ದು ಸ್ಪೀಕರ್‌ನ ‘ಸೆನ್ಸಿಟಿವಿಟಿ’: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಲೆಕ್ಕ. ಊರ ಜಾತ್ರೆಯ ಮೈಕ್‌ಸೆಟ್ ನೆನಪಿಸಿಕೊಳ್ಳಿ. ಮೈಕ್‌ಸೆಟ್‌ನವನ ಬಳಿ ಇರುತ್ತಿದ್ದದ್ದು ಹಳೆಯ ಪುಟ್ಟ ಆಂಪ್ಲಿಫೈಯರ್, ಆದರೂ ತೆಂಗಿನ ಮರಕ್ಕೆ ಕಟ್ಟಿದ ಆ ಕಹಳೆಯಂಥ ಹಾರ್ನ್ ಪಕ್ಕದ ಊರಿನವರ ನಿದ್ದೆಯನ್ನೂ ಕೆಡಿಸುತ್ತಿತ್ತು. ಅಂಥ ಹಾರ್ನ್ ಒಂದೇ ವಾಟ್‌ಗೆ 105 ಡೆಸಿಬಲ್‌ಗೂ ಹೆಚ್ಚು ಕೊಡುತ್ತದೆ. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 93 ಡೆಸಿಬಲ್‌ನ ಸ್ಪೀಕರ್ 75 ವಾಟ್‌ನಲ್ಲಿ ಮಾಡುವ ಕೆಲಸಕ್ಕೆ 87 ಡೆಸಿಬಲ್‌ನದಕ್ಕೆ 300 ವಾಟ್ ಬೇಕು. ನಾನು ಮೊದಲು ಕೊಂಡದ್ದು 87ರದ್ದು, ಕಾರಿನದು, ನೋಡಲು ಬಹಳ ಚೆಂದ.

ನನ್ನ ಸಲಹೆ ಇಷ್ಟು: 92–93 ಡೆಸಿಬಲ್‌ನ, ನೀರು ತಾಳುವ ಒಂದೇ ಜೊತೆ ಸ್ಪೀಕರ್, ಅದಕ್ಕೆ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರ್‌ಗೆ, 75 ವಾಟ್ ಆರ್‌ಎಂಎಸ್ ಕೊಡುವ ಪುಟ್ಟ ಆಂಪ್ಲಿಫೈಯರ್. ಪೂರಾ ಬಾರಿಸಿದರೂ ಎಳೆಯುವುದು 14 ಆಂಪಿಯರ್‌ಗಿಂತ ಕಡಿಮೆ. ಹಿಂಬದಿಯ ಸಾಮಾನು ಪೆಟ್ಟಿಗೆಯ ಮುಚ್ಚಳದಲ್ಲಿ ಕೂರಿಸುವ 6×9 ಇಂಚಿನ ಸ್ಪೀಕರ್‌ಗಳನ್ನು ಬಿಟ್ಟುಬಿಡಿ. ಅವು ನಿಮ್ಮ ಬೆನ್ನಿಗೂ ಹಿಂದಿನ ಕಾರಿನವರಿಗೂ ಹಾಡುತ್ತವೆ, ಮಳೆನೀರಿಗೆ ದಾರಿ ಮಾಡಿಕೊಡುತ್ತವೆ.

ಸ್ಟ್ರೀಟ್ ಗ್ಲೈಡ್‌ನ ಬ್ಯಾಟ್‌ವಿಂಗ್ ಫೇರಿಂಗ್ (ಸ್ಪೀಕರ್ ಕೂರುವ ಮುಂಭಾಗದ ಗಾಳಿತಡೆ ಹೊದಿಕೆ) ಫೋರ್ಕ್‌ಗೆ ಅಂಟಿಕೊಂಡು ಹ್ಯಾಂಡಲ್ ಜೊತೆ ತಿರುಗುತ್ತದೆ. ಹಾರ್ಲೆಯದೇ ಇನ್ನೊಂದು ಬೈಕು ರೋಡ್ ಗ್ಲೈಡ್‌ನದು ಚೌಕಟ್ಟಿಗೆ ಕೂತಿರುತ್ತದೆ. ನಿಮ್ಮದರಲ್ಲಿ ಫೇರಿಂಗ್‌ಗೆ ತುಂಬಿದ ಪ್ರತಿ ಕಿಲೋ ಹ್ಯಾಂಡಲ್‌ಗೆ ಗೊತ್ತಾಗುತ್ತದೆ. ಹಗುರವಾದದ್ದನ್ನೇ ಆರಿಸಿ.

ಫೇರಿಂಗ್ ಬಿಚ್ಚುವ ಮೊದಲು ಮುಖ್ಯ ಫ್ಯೂಸ್ ತೆಗೆಯಿರಿ, ಮುಂದಿನ ಮಡ್‌ಗಾರ್ಡ್ ಮೇಲೆ ದಪ್ಪ ಟವೆಲ್ ಹಾಸಿ. ಕೊನೆಯ ಸ್ಕ್ರೂ ಬಿಚ್ಚುವಾಗ ಒಂದು ಕೈ ಫೇರಿಂಗ್ ಮೇಲೇ ಇರಲಿ, ಒಳಗೆ ಹೆಡ್‌ಲೈಟ್ ತಂತಿ ಜೋತುಕೊಂಡಿರುತ್ತದೆ.

ಹಳೆಯ ಮಾಲೀಕರು ಏನಾದರೂ ಕೈಯಾಡಿಸಿದ್ದಾರೆಯೇ ಎಂದು ಮೊದಲು ನೋಡಿ. ಸ್ಪೀಕರ್ ತಂತಿಯನ್ನು ರೇಡಿಯೊ ಕಡೆಯಿಂದ ಬಿಡಿಸಿ, ಆ ತುದಿಗೆ 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಒಂದನ್ನು ಕ್ಷಣಮಾತ್ರ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಸೇರಿದ್ದರೆ ‘ಟಪ್’ ಎಂದು ಕೋನ್ ಹೊರಗೆ ಉಬ್ಬುತ್ತದೆ. ಒಂದು ಹೊರಗೆ, ಇನ್ನೊಂದು ಒಳಗೆ ಹೋಯಿತೋ, ಎರಡರ ಬಾಸ್ ಒಂದನ್ನೊಂದು ನುಂಗುತ್ತಿದೆ ಎಂದರ್ಥ. ಗೆಳೆಯರೊಬ್ಬರ ಬೈಕಿನಲ್ಲಿ ಇದೊಂದನ್ನೇ ಸರಿಪಡಿಸಿ ಕೊಟ್ಟೆವು, ಅವರು ಹೊಸ ಸ್ಪೀಕರ್ ಮಾತನ್ನೇ ಎತ್ತಲಿಲ್ಲ. ಸ್ಪೀಕರ್‌ನ ಸುತ್ತ ಸಂದಿ ಇದ್ದರೂ ಅದೇ ಗತಿ: ಹಿಂದಿನ ಅಲೆ ಮುಂದೆ ಬಂದು ಬಾಸ್ ಕೊಲ್ಲುತ್ತದೆ. ಕಿಟಕಿ ಸಂದಿಗೆ ಅಂಟಿಸುವ, ನೀರು ಹೀರದ ಫೋಮ್ ಪಟ್ಟಿ ಸುತ್ತಲೂ ಹಚ್ಚಿ.

ವೈರಿಂಗ್‌ನಲ್ಲಿ ಜಿಪುಣತನ ಬೇಡ. ಅಪ್ಪಟ ತಾಮ್ರದ 8 ಗೇಜ್ ತಂತಿ ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಕಂಪನಕ್ಕೆ ಅದರ ಎಳೆಗಳು ಬೇಗ ಮುರಿಯುತ್ತವೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ನೆಗೆಟಿವ್ ತಂತಿಯನ್ನೂ ಬ್ಯಾಟರಿಯವರೆಗೇ ಎಳೆಯಿರಿ, ಸಿಕ್ಕ ಬೋಲ್ಟ್‌ಗೆ ಕಟ್ಟಿದರೆ ಎಂಜಿನ್ ವೇಗದ ಜೊತೆ ಏರುವ ‘ಕುಂಯ್’ ಎನ್ನುವ ಸದ್ದು ಉಚಿತವಾಗಿ ಬರುತ್ತದೆ. ಬೆಸುಗೆಗಿಂತ ಒತ್ತಿ ಕೂರಿಸುವ ಕ್ರಿಂಪ್ ಈ ನಡುಗುವ ಎಂಜಿನ್‌ಗೆ ಒಳ್ಳೆಯದು. ಫೋರ್ಕ್ ತಿರುಗುವ ಕತ್ತಿನ ಬಳಿ ತಂತಿ ಸಡಿಲ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಟ್ಯಾಂಕ್ ಕೂರಿಸಿ.

ಆಂಪ್ಲಿಫೈಯರನ್ನು ಹೊತ್ತಿಸಿ ಆರಿಸುವ ‘ರಿಮೋಟ್’ ತಂತಿ ಕೀಲಿ ಆರಿಸಿದಾಗ ಸಾಯುವ ತಂತಿಗೇ ಸೇರಬೇಕು. ನಾನು ಕೈಗೆ ಸುಲಭವಾಗಿ ಸಿಕ್ಕಿದ, ಸದಾ ಜೀವಂತ ಇರುವ ತಂತಿಗೆ ಸೇರಿಸಿದ್ದೆ. ಅಕ್ಟೋಬರ್‌ನಲ್ಲಿ 395 ಹೆದ್ದಾರಿಯಲ್ಲಿ ಬಿಷಪ್ ಎಂಬ ಊರಿನಲ್ಲಿ ತಂಗಿದೆವು. ಸುಮ್ಮನೆ ಕೂತ ಆಂಪ್ಲಿಫೈಯರ್ ಒಂದು ಆಂಪಿಯರ್‌ನಂತೆ ಹದಿನಾಲ್ಕು ಗಂಟೆ ಕುಡಿಯಿತು, 28 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಖಾಲಿ. ಬೆಳಿಗ್ಗೆ ಆಸನದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಸ್ಟಾರ್ಟರ್ ‘ಟಕ್, ಟಕ್’ ಎಂದು ಸುಮ್ಮನಾಯಿತು. 1,690 ಸಿಸಿ ಎಂಜಿನ್, ಕಿಕ್ಕರ್ ಇಲ್ಲ. ಪಿಕಪ್‌ನವರೊಬ್ಬರು ಕೇಬಲ್ ಕೊಟ್ಟರು. ನನ್ನ ಹೆಂಡತಿ ಇಂದಿಗೂ ಆ ಸ್ಪೀಕರ್‌ಗಳನ್ನು ‘ಬಿಷಪ್ ಸ್ಪೀಕರ್’ ಎಂದೇ ಕರೆಯುತ್ತಾಳೆ.

ಕೊನೆಗೆ ಗೇನ್, ಅಂದರೆ ಆಂಪ್ಲಿಫೈಯರ್ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ತಿರುಪು. ಸ್ಪೀಕರ್ ಬಿಡಿಸಿ, 1,000 ಹರ್ಟ್ಜ್‌ನ ಒಂದೇ ಸ್ವರವನ್ನು ರೇಡಿಯೊದ ಮುಕ್ಕಾಲು ವಾಲ್ಯೂಮ್‌ನಲ್ಲಿ ನುಡಿಸಿ, ಆಂಪ್ಲಿಫೈಯರ್‌ನ ಸ್ಪೀಕರ್ ತುದಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿಯಿರಿ. 4 ಓಮ್‌ನ ಸ್ಪೀಕರ್‌ಗೆ 75 ವಾಟ್ ಎಂದರೆ 17.3 ವೋಲ್ಟ್, ಗೇನ್ ಮೆಲ್ಲಗೆ ಏರಿಸುತ್ತ ಅಲ್ಲಿಗೆ ಬಂದೊಡನೆ ಕೈ ತೆಗೆಯಿರಿ. ತಗ್ಗು ಸ್ವರ ತಡೆಯುವ ಹೈಪಾಸ್ ಫಿಲ್ಟರ್ 90–100 ಹರ್ಟ್ಜ್‌ಗೆ ಇಡಿ. ಅದಕ್ಕಿಂತ ತಗ್ಗಿನ ಬಾಸ್ ಹೇಗೂ ಗಾಳಿಯ ಪಾಲು, ಪುಟ್ಟ ಕೋನ್ ಅದಕ್ಕಾಗಿ ಏದುಸಿರು ಬಿಡುವುದೇಕೆ? ರೇಡಿಯೊ ತಾನೇ ಬಾಸ್ ಕತ್ತರಿಸುವ ಚಾಳಿಗೆ ಎರಡು ಮದ್ದು: ಡೀಲರ್ ಬಳಿ ಕಂಪ್ಯೂಟರ್ ಹಚ್ಚಿಸಿ ಈಕ್ವಲೈಜರ್ ಬದಲಿಸುವುದು, ಇಲ್ಲವೇ ಡಿಎಸ್‌ಪಿ (ಸ್ವರಗಳನ್ನು ತಿದ್ದುವ ಡಿಜಿಟಲ್ ಚಿಪ್) ಇರುವ ಆಂಪ್ಲಿಫೈಯರ್ ಕೊಳ್ಳುವುದು. ನಾನು ಎರಡನೆಯದನ್ನು ಮಾಡಿದೆ. ಎಲ್ಲ ಮುಗಿದ ಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಹಾಡು ಹಾಕಿ ಬ್ಯಾಟರಿ ಅಳೆಯಿರಿ. 13 ವೋಲ್ಟ್‌ಗಿಂತ ಕೆಳಗೆ ಬಂದರೆ ಎಲ್ಲೋ ಹೆಚ್ಚಾಗಿದೆ. ಸಿಗ್ನಲ್‌ನಲ್ಲಿ ನಿಂತಾಗ ವಾಲ್ಯೂಮ್ ಇಳಿಸುವುದನ್ನೂ ರೂಢಿ ಮಾಡಿಕೊಳ್ಳಿ, 50 ಅಡಿ ಆಚೆ ಕೇಳಿದರೆ ಇಲ್ಲಿ ಪೊಲೀಸರು ದಂಡದ ಚೀಟಿ ಹರಿದು ಕೊಡಬಹುದು.

ಈ ಭಾನುವಾರ ತಲೆ ತಗ್ಗಿಸುವ ಪರೀಕ್ಷೆ ಮಾಡಿ ಏನಾಯಿತೆಂದು ಬರೆಯಿರಿ. ಬಿಚ್ಚುವುದೇ ಆದರೆ ಸನಿವೇಲ್‌ಗೆ ಬನ್ನಿ, ಟಾರ್ಕ್ಸ್ ಬಿಟ್‌ಗಳೂ ಮಲ್ಟಿಮೀಟರೂ ನನ್ನ ಗ್ಯಾರೇಜಿನಲ್ಲಿವೆ. ಟವೆಲ್ ಮಾತ್ರ ನೀವೇ ತನ್ನಿ. ನನ್ನದು ಗ್ರೀಸ್ ಆದದ್ದಕ್ಕೆ ಮನೆಯಲ್ಲಿ ಇನ್ನೂ ಕ್ಷಮೆ ಸಿಕ್ಕಿಲ್ಲ.