ಚಿಕ್ಕಪೇಟೆಯಲ್ಲಿ ಮದುವೆ ಜವಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಮದುವೆ ಗೊತ್ತಾಗಿದೆ. ಜವಳಿ ತೆಗೆಯೋಕೆ ಬೆಂಗಳೂರಿನ ಚಿಕ್ಕಪೇಟೆಗೇ ಹೋಗಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ನನಗೆ ಆ ಕಡೆ ಓಡಾಡಿ ಅಭ್ಯಾಸವಿಲ್ಲ. ಜನಜಂಗುಳಿ ಅಂದರೂ ಭಯ, ಮೋಸ ಹೋದರೆ ಅನ್ನೋ ಭಯವೂ ಇದೆ. ಧಾರೆ ಸೀರೆ ಜೊತೆಗೆ ನೆಂಟರಿಗೆ ಕೊಡೋ ಸೀರೆಗಳೂ ಬೇಕು. ಏನೇನು ನೋಡಿಕೊಳ್ಳಬೇಕು?
– ಓದುಗರು, ತಿಪಟೂರು

ಉತ್ತರ: ಧೈರ್ಯವಾಗಿ ಹೋಗಿ ಅಮ್ಮಾ. ಆದರೆ ಸೀರೆ, ಒಡವೆ, ಲಗ್ನಪತ್ರಿಕೆ, ಪಾತ್ರೆ ಎಲ್ಲ ಒಂದೇ ದಿನಕ್ಕೆ ಮುಗಿಸಿಬಿಡೋಣ ಅಂತ ಹೊರಡಬೇಡಿ. ಸಂಜೆ ಊರಿಗೆ ಹೊರಡೋ ಹೊತ್ತಾಯಿತು ಅನ್ನೋ ಆತುರ ಇದೆಯಲ್ಲ, ಜಾಸ್ತಿ ದುಡ್ಡು ಕೊಟ್ಟು ಬರೋದು ಆಗಲೇ. ಜವಳಿಗೇ ಅಂತ ಒಂದು ಪೂರ್ತಿ ದಿನ ಇಡಿ. ಭಾನುವಾರ ಬೇಡ, ಎಷ್ಟೋ ಅಂಗಡಿಗಳಿಗೆ ಅವತ್ತು ರಜೆ. ವಾರದ ಮಧ್ಯೆ, ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೇ ಅಲ್ಲಿದ್ದರೆ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ, ನಿಮಗೂ ಕೂತು ನೋಡೋಕೆ ಜಾಗ ಸಿಗುತ್ತದೆ.

ಕಾರು ತರಲೇಬೇಡಿ. ಆ ಗಲ್ಲಿಗಳಲ್ಲಿ ಒಂದು ತಳ್ಳುಗಾಡಿ ಅಡ್ಡ ನಿಂತರೆ ಸಾಕು, ಹಿಂದಿನವರೆಲ್ಲ ನಿಂತಲ್ಲೇ ನಿಲ್ಲಬೇಕು. ನಿಮ್ಮ ರೈಲು ಯಶವಂತಪುರದಲ್ಲಿ ನಿಂತರೆ ಅಲ್ಲೇ ಹಸಿರು ಮಾರ್ಗದ ಮೆಟ್ರೊ ಹತ್ತಿ, ನೇರ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿಯಬಹುದು. ಮೆಜೆಸ್ಟಿಕ್ ಆದ ಮೇಲಿನ ನಿಲ್ದಾಣವೇ ಅದು.

ಮೇಲೆ ಬರುತ್ತಿದ್ದ ಹಾಗೆ ‘ಬನ್ನಿ ಅಕ್ಕಾ, ಹೋಲ್‌ಸೇಲ್ ರೇಟು, ಸುಮ್ನೆ ನೋಡಿ’ ಅಂತ ಹುಡುಗರು ಹಿಂದೆ ಬೀಳುತ್ತಾರೆ. ಕೆಲವರು ಅಂಗಡಿಯ ನೌಕರರೇ, ಕೆಲವರು ಕಮಿಷನ್‌ಗೆ ಕರೆಯೋರು. ಆ ಕಮಿಷನ್ ಕೊನೆಗೆ ನಿಮ್ಮ ಸೀರೆಯ ಬೆಲೆಯಲ್ಲೇ ಸೇರೋದು, ಅಲ್ವಾ? ಜಗಳ ಬೇಡ, ‘ಬೇಡಪ್ಪ’ ಅಂದು ಮುಂದೆ ನಡೆಯಿರಿ. ನಿಮ್ಮ ಕಡೆಯವರು ಈಚೆಗೆ ತೆಗೆದ ಎರಡು ಮೂರು ಅಂಗಡಿಗಳ ಹೆಸರು ಕೇಳಿಕೊಂಡು ಹೋಗೋದು ವಾಸಿ. ಬೋರ್ಡಿನಲ್ಲಿ ಹೋಲ್‌ಸೇಲ್ ಅಂತಿದ್ದ ಮಾತ್ರಕ್ಕೆ ಒಂದು ಸೀರೆಗೂ ಹೋಲ್‌ಸೇಲ್ ರೇಟು ಸಿಗುತ್ತದೆ ಅಂದುಕೊಳ್ಳಬೇಡಿ.

ಈಗ ಧಾರೆ ಸೀರೆ. ಗಾದಿ ಮೇಲೆ ಕೂತ ತಕ್ಷಣ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುತ್ತಾರೆ, ಹತ್ತು ನಿಮಿಷದಲ್ಲಿ ಕಣ್ಣು ಸೋಲುತ್ತದೆ. ಇಷ್ಟವಾದ ಎರಡನ್ನು ಬದಿಗಿಟ್ಟು ಉಳಿದದ್ದನ್ನು ಮಡಿಸೋಕೆ ಹೇಳಿ. ಆಮೇಲೆ ಆ ಎರಡನ್ನೂ ಬಾಗಿಲ ಹತ್ತಿರ, ಹಗಲು ಬೆಳಕಿಗೆ ತಂದು ನೋಡಿ. ಒಳಗಿನ ದೀಪದಲ್ಲಿ ಅರಿಶಿನ ಬಣ್ಣ ಒಂದು ಥರ, ಹೊರಗೆ ಇನ್ನೊಂದು ಥರ. ಬಾರ್ಡರ್ ತಿರುಗಿಸಿ ಹಿಂಭಾಗ ನೋಡಿ, ಜರಿ ಎಳೆಗಳು ಉದ್ದುದ್ದ ಸಡಿಲ ಬಿದ್ದಿದ್ದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತವೆ.

ರೇಷ್ಮೆ ಅಸಲಿಯೋ ಅಲ್ಲವೋ ಅನ್ನೋದಕ್ಕೆ ಮೊದಲು ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು ಇದು, ಲೇಬಲ್ ಮೇಲೆ ಹೊಲೊಗ್ರಾಂ ಮತ್ತು ನಂಬರ್ ಇರುತ್ತದೆ. ಅದು ರೇಷ್ಮೆಗೆ ಭರವಸೆ ಅಷ್ಟೇ, ಜರಿಗಲ್ಲ. ಜರಿ ಬೆಳ್ಳಿಯದೋ ಬರೀ ತಾಮ್ರದ್ದೋ ಅಂತ ಬೇರೆ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ. ಲೇಬಲ್ ಇಲ್ಲದ ಸೀರೆಯಾದರೆ ಸೆರಗಿನ ತುದಿಯಲ್ಲಿ ಬಿಟ್ಟಿರೋ ಎಳೆ ಒಂದೆರಡು ಕೇಳಿ ಸುಟ್ಟು ನೋಡಬಹುದು. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉದ್ದಕ್ಕೆ ಹೋಗೋ ಹಾಸು ನೂಲು, ಅಡ್ಡಕ್ಕೆ ಹೋಗೋ ಹೊಕ್ಕು ನೂಲು ಎರಡನ್ನೂ ನೋಡಬೇಕು, ಒಂದು ರೇಷ್ಮೆ ಇನ್ನೊಂದು ಬೆರಕೆ ಇರೋದುಂಟು. ಇಷ್ಟು ಕೇಳಿದರೆ ಸಿಡುಕೋ ಅಂಗಡಿ ನಿಮಗೆ ಬೇಡ.

ಕೊಡೋ ಸೀರೆಗಳಿಗೆ ಚಿಕ್ಕಪೇಟೆ ನಿಜಕ್ಕೂ ಒಳ್ಳೆ ಜಾಗ. ಎಷ್ಟು ಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಿ, ಅಷ್ಟನ್ನೂ ಒಂದೇ ಕಡೆ ತೆಗೆಯಿರಿ. ಕಟ್ಟಿನ ಲೆಕ್ಕದಲ್ಲಿ ಕೇಳಿದಾಗಲೇ ರೇಟು ಇಳಿಯೋದು. ಕಟ್ಟನ್ನು ಹಾಗೇ ಹೊತ್ತು ತರಬೇಡಿ. ಒಂದೊಂದನ್ನೂ ಬಿಚ್ಚಿ ತೂತು, ಕಲೆ, ಬ್ಲೌಸ್ ಪೀಸ್ ನೋಡಿಕೊಳ್ಳಿ.

ಪ್ರಶ್ನೆ: ಅಲ್ಲೇ ನಗರ್ತಪೇಟೆ ಕಡೆ ಚಿನ್ನವನ್ನೂ ತೆಗೆಯಬಹುದಾ?
– ಓದುಗರು, ಮಾಗಡಿ

ಉತ್ತರ: ತೆಗೆಯಬಹುದು, ಸೀರೆ ಚೀಲ ಹಿಡಿದುಕೊಂಡು ಸಂಜೆ ಗುಂಪಿನಲ್ಲಿ ಮಾತ್ರ ಬೇಡ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮೇಲೆ ಎಚ್‌ಯುಐಡಿ ಅನ್ನೋ 6 ಅಕ್ಷರ-ಅಂಕಿಗಳ ಗುರುತು ಇರಬೇಕು. ಹಾಲ್‌ಮಾರ್ಕ್ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ ಅನ್ನೋದು ಬರುತ್ತದೆ. ಕೈಯಲ್ಲಿರೋದು ಬಳೆ, ಆ್ಯಪ್ ಹೇಳೋದು ಸರ ಅಂತಾದರೆ ಅಲ್ಲೇ ಬಿಟ್ಟು ಎದ್ದುಬನ್ನಿ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ, ಮೇಕಿಂಗ್ ಚಾರ್ಜು ಬೇರೆ ಬೇರೆ ಕಾಣಿಸಬೇಕು. ಕಲ್ಲನ್ನೂ ಚಿನ್ನದ ಲೆಕ್ಕಕ್ಕೆ ಸೇರಿಸಿದರೆ ದೊಡ್ಡ ನಷ್ಟ.

ಪ್ರಶ್ನೆ: ಪೇಟೆಯಲ್ಲಿ ತೆಗೆದ ಸೀರೆಯ ಒಳಮಡಿಕೆಯಲ್ಲಿ ತೂತು ಇತ್ತು. ವಾಪಸ್ ಕೊಡೋಕೆ ಹೋದರೆ ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಅನ್ನೋ ಬೋರ್ಡು ತೋರಿಸಿದರು. ಸುಮ್ಮನಾಗಬೇಕಾ?
– ಓದುಗರು, ರಾಮನಗರ

ಉತ್ತರ: ಸುಮ್ಮನಾಗಬೇಡಿ. ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ಕೇಳೋದು ಬೇರೆ, ಮಾಲೇ ಕೆಟ್ಟದ್ದಿದ್ದರೆ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರೋದೂ ಅಷ್ಟೇ. ಹಾಗಾಗಿ ಜಿಎಸ್‌ಟಿ ಉಳಿಯುತ್ತದೆ ಅಂತ ಚೀಟಿಯಲ್ಲಿ ಬರೆಸಿಕೊಂಡು ಬರಬೇಡಿ. ನೀವೀಗ ತೂತಿನ ಫೋಟೊ, ಬಿಲ್ಲಿನ ಫೋಟೊ ತೆಗೆದು ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿ, ಉತ್ತರಕ್ಕೆ ಎರಡು ದಿನ ಕೊಡಿ. ಆಗಲೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ಸೀರೆಯನ್ನು ಉಡಬೇಡಿ, ಒಗೆಯಬೇಡಿ, ಫಾಲ್ ಹಾಕಿಸಬೇಡಿ, ಬಂದ ಮಡಿಕೆಯಲ್ಲೇ ಇಟ್ಟಿರಿ.