ನಿಮ್ಮ ಪತ್ರದ ಕೊನೆಯ ಸಾಲು

ಓದುಗರ ಪತ್ರ: ಪಕ್ಕದ ಬೀದಿಯಲ್ಲಿ ಒಂಟಿಯಾಗಿದ್ದ ಅಜ್ಜಿಯನ್ನು ಯಾರೋ ಕೊಂದು ಮನೆ ದೋಚಿದರು. ನನ್ನ ಅಮ್ಮನಿಗೆ 78 ವರ್ಷ, ಒಬ್ಬರೇ ಇರುತ್ತಾರೆ. ಗ್ರಿಲ್, ಕ್ಯಾಮೆರಾ ಹಾಕಿಸಿದ್ದೇನೆ. ಹೊರಗೆ ಹೋಗಬೇಡಿ, ಯಾರನ್ನೂ ಒಳಗೆ ಸೇರಿಸಬೇಡಿ ಎಂದಿದ್ದೇನೆ. ನೋಡಿಕೊಳ್ಳುವವರು ಒಬ್ಬರು ಮಾತ್ರ ಬರುತ್ತಾರೆ. ಇನ್ನೇನು ಮಾಡಲಿ? ಮೊನ್ನೆ ಅಮ್ಮನ ತೋಳು ಕಪ್ಪುಗಟ್ಟಿತ್ತು, ಬಾಗಿಲು ತಗುಲಿತಂತೆ.

ಸಂಪಾದಕರ ಉತ್ತರ: ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಕೊಲೆಯಾದ ವಯಸ್ಸಾದವರಲ್ಲಿ ದರೋಡೆಗಾಗಿ ಸತ್ತವರ ಪಾಲು ಬೇರೆ ವಯಸ್ಸಿನವರಿಗಿಂತ ಜಾಸ್ತಿ, ಅದೂ ಅವರ ಸ್ವಂತ ಮನೆಯೊಳಗೆ. ಗ್ರಿಲ್ ಇರಲಿ, ಕ್ಯಾಮೆರಾನೂ ಇರಲಿ. ಆದರೆ ಕೈ ಮಾಡುವವರು ಎಷ್ಟೋ ಸಲ ಗಂಡ, ಮಗ, ಮೊಮ್ಮಗ, ಇಲ್ಲವೇ ನೋಡಿಕೊಳ್ಳಲು ಬಂದವರು. ಅವರಿಗೆ ಬಾಗಿಲು ತೆಗೆಯುವುದು ಅಮ್ಮನೇ ಅಲ್ವಾ? 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷದೊಳಗೆ ಬೈಗುಳ, ಹಣದ ಮೋಸ, ಹೊಡೆತ, ಹೀಗೆ ಏನಾದರೊಂದು ಅನುಭವಿಸುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು 'ವಯಸ್ಸಾಗಿತ್ತು ಬಿಡಿ' ಎನ್ನುವ ಮಾತು. ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ಈ ಮಾತಿನ ಮರೆಯಲ್ಲೇ ವರ್ಷಗಟ್ಟಲೆ ಕೊಂದ. 2000ದಲ್ಲಿ 15 ಕೊಲೆಗಳಿಗೆ ಅವನಿಗೆ ಶಿಕ್ಷೆಯಾಯಿತು. 2002ರ ವಿಚಾರಣಾ ವರದಿ 215 ಜನರನ್ನು ಕೊಂದಿದ್ದಾನೆ ಎಂದಿತು. ಹೆಚ್ಚಿನವರು ವಯಸ್ಸಾದ ಹೆಂಗಸರು. ಚುಚ್ಚುಮದ್ದು ಕೊಡುತ್ತಿದ್ದವನೂ ಅವನೇ, ಸಾವಿನ ಕಾರಣ ಬರೆದು ಸಹಿ ಹಾಕುತ್ತಿದ್ದವನೂ ಅವನೇ. ಎಷ್ಟೋ ಜನ ಹಗಲು ಹೊತ್ತಲ್ಲಿ, ಉಟ್ಟ ಬಟ್ಟೆಯಲ್ಲಿ, ಕುರ್ಚಿಯಲ್ಲೇ ತೂಕಡಿಸಿದ ಹಾಗೆ ಸತ್ತು ಕೂತಿದ್ದರು. ಕಾಯಿಲೆ ಬಿದ್ದು ಸಾಯುವವರು ಹೀಗಿರುತ್ತಾರಾ ಎಂದು ಮೊದಲು ಅನುಮಾನಪಟ್ಟವರಲ್ಲಿ ಶವಸಂಸ್ಕಾರದ ಕೆಲಸದವರೂ ಇದ್ದರು. 1998ರ ಮಾರ್ಚಿನಲ್ಲಿ ಇನ್ನೊಬ್ಬ ಡಾಕ್ಟರ್ ದೂರು ಕೊಟ್ಟರೂ ಪೊಲೀಸರು ತನಿಖೆ ಕೈಬಿಟ್ಟರು. ಕೊಲೆ ನಿಲ್ಲಲಿಲ್ಲ. ಕೊನೆಗೆ ಅವನು ಸಿಕ್ಕಿಬಿದ್ದದ್ದು, ಸತ್ತ ಒಬ್ಬಾಕೆಯ ಆಸ್ತಿ ತನಗೆ ಬರುವಂತೆ ಅವನು ಸೃಷ್ಟಿಸಿದ್ದ ಉಯಿಲು ನೋಡಿ, ವಕೀಲೆಯಾಗಿದ್ದ ಆಕೆಯ ಮಗಳು 'ಇದು ನಮ್ಮಮ್ಮ ಬರೆಸಿದ ಉಯಿಲಲ್ಲ' ಎಂದು ಪಟ್ಟು ಹಿಡಿದಾಗ.

ಹಾಗಾಗಿ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ವಯಸ್ಸಾದವರ ಚರ್ಮ ತೆಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಸ್ವಲ್ಪ ತಗುಲಿದರೂ ಕಪ್ಪುಗಟ್ಟುತ್ತದೆ. ತಾನಾಗಿ ಬಿದ್ದ ಕಲೆ ಹೆಚ್ಚಾಗಿ ಕೈಕಾಲುಗಳ ಮೇಲೆಯೇ ಇರುತ್ತದೆ. ಮುಖ, ಕುತ್ತಿಗೆ, ಕಿವಿ, ಬೆನ್ನಿನ ಮೇಲಿದ್ದರೆ ಕೇಳಲೇಬೇಕು. ತೋಳಿನ ಕಲೆಯನ್ನೂ ಹತ್ತಿರದಿಂದ ನೋಡಿ. ಒಂದು ಕಡೆ ಸಾಲಾಗಿ ನಾಲ್ಕು ಗುರುತು, ಇನ್ನೊಂದು ಕಡೆ ಒಂದು ಇದ್ದರೆ, ಅದು ಯಾರದೋ ಕೈ ಬಿಗಿಯಾಗಿ ಹಿಡಿದ ಗುರುತು. ಬಾಗಿಲಿಗೆ ಬೆರಳಿಲ್ಲ. ಫೋಟೊ ತೆಗೆದಿಡಿ, ಡಾಕ್ಟರಿಗೆ ತೋರಿಸಿ.

ಯಾರ ಮೇಲೂ ಈಗಲೇ ಅನುಮಾನ ಪಡಿ ಎನ್ನುತ್ತಿಲ್ಲ. ನೋಡಿಕೊಳ್ಳುವವರಲ್ಲಿ ಬಹಳ ಜನ ಜೀವ ತೇಯುತ್ತಾರೆ. ಆದರೆ ಅಮ್ಮನನ್ನು ಒಬ್ಬರೇ ನೋಡುವ ಹಾಗೆ ಮಾಡಿದ್ದೀರಲ್ಲ, ಅದನ್ನು ದಯವಿಟ್ಟು ಬದಲಾಯಿಸಿ. ಗೆಳತಿಯರು ಬರಲಿ, ಪಕ್ಕದ ಮನೆಯವರು ಕರೆದು ಮಾತಾಡಿಸಲಿ, ಅಮ್ಮನೂ ಹೊರಗೆ ಹೋಗಿ ಬರಲಿ.

ಈ ವಾರವೇ ಹೋಗಿ. ಮೊದಲೇ ಹೇಳದೆ ಹೋಗಿ. ಬೇರೆ ಯಾರೂ ಕೋಣೆಯಲ್ಲಿಲ್ಲದಾಗ ಪಕ್ಕದಲ್ಲಿ ಕೂತು ಕೇಳಿ. ಮೊದಲ ಸಲ 'ಏನಿಲ್ಲ' ಎನ್ನಬಹುದು. ಬೇಗ ಎದ್ದು ಬರಬೇಡಿ.